ಜಾಂಡೀಸ್ ಬಂದ ಊರಲ್ಲಿ ಮೊದಲು ಬಸುರಿಯರನ್ನ ಎಣಿಸಿ

ಸಂಪಾದಕರಿಗೆ ನಮಸ್ಕಾರ,

ಜುಲೈ 28ರ ವಿಶ್ವ ಹೆಪಟೈಟಿಸ್ ದಿನಕ್ಕೆ, ಅಂದ್ರೆ ವೈರಸ್ಸಿಂದ ಲಿವರ್ ಊದೋ ಕಾಯಿಲೆಯ ದಿನಕ್ಕೆ, ನಿಮ್ಮ ಪತ್ರಿಕೆಯಲ್ಲಿ ಲಿವರ್ ಬಗ್ಗೆ ಒಂದು ಪುಟ ಪೂರ್ತಿ ಬಂದಿತ್ತು, ಚೆನ್ನಾಗಿತ್ತು. ಅಮೆರಿಕದ ವಿಜ್ಞಾನಿ ಬ್ಲೂಂಬರ್ಗ್ ಅವರು ಹುಟ್ಟಿದ ದಿನ ಅಂತ ಆ ತಾರೀಕು ಇಟ್ಕೊಂಡಿರೋದು, ಹೆಪಟೈಟಿಸ್ ಬಿ ಕೆಲಸಕ್ಕೆ ಅವರಿಗೆ 1976ರಲ್ಲಿ ನೊಬೆಲ್ ಬಂದಿದ್ದು, ಸಿ ವೈರಸ್‌ಗೆ 2020ರಲ್ಲಿ ಮೂರು ಜನಕ್ಕೆ ಬಂದಿದ್ದು ಎಲ್ಲಾ ಬರೆದಿದ್ರಿ. ಆದ್ರೆ ಹೆಪಟೈಟಿಸ್ ಇ ಬಗ್ಗೆ ಇದ್ದಿದ್ದು ಒಂದೇ ಸಾಲು, ನೀರಿಂದ ಬರುತ್ತೆ ಕುದಿಸಿ ಕುಡೀರಿ ಅಂತ. ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ಸೇರಿ ಹಿರಿಯ ಸಹಾಯಕಿಯಾಗಿ ರಿಟೈರ್ ಆದವಳು, ಊರೂರು ಅಲೆದವಳು, ನನ್ನ ಸರ್ವಿಸ್‌ನಲ್ಲಿ ಊರಿಗೆ ಊರೇ ಹಳದಿ ಆಗಿ ಮಲಗಿದ್ದು ನೋಡಿದೀನಿ ಅಂದ್ರೆ ಅದು ಬಿ ಇಂದಾನೂ ಅಲ್ಲ ಸಿ ಇಂದಾನೂ ಅಲ್ಲ, ನೀರಿಂದಾನೇ. ಅದಕ್ಕೇ ಈ ಕಾಗದ, ಸ್ವಲ್ಪ ಉದ್ದ ಆಗುತ್ತೆ, ಕಟ್ ಮಾಡೋದಾದ್ರೆ ನಂಬರ್‌ಗಳನ್ನ ಮಾತ್ರ ಕಟ್ ಮಾಡಬೇಡಿ.

ಆ ಪುಟದಲ್ಲಿ ಇರಲೇಬೇಕಾಗಿದ್ದ ಒಂದು ಹೆಸರು ಇರಲಿಲ್ಲ. ಡಾ. ಮೊಹಮ್ಮದ್ ಸುಲ್ತಾನ್ ಖುರೂ, ಹೆಪಟೈಟಿಸ್ ಇ ಅನ್ನೋದು ಬೇರೇನೇ ಕಾಯಿಲೆ ಅಂತ ಹಿಡಿದ ಕಾಶ್ಮೀರದ ಡಾಕ್ಟ್ರು. ನಂಗೂ ಸರ್ವಿಸ್‌ನಲ್ಲಿ ಇರೋವಾಗ ಈ ಹೆಸರು ಯಾವ ಟ್ರೈನಿಂಗ್‌ನಲ್ಲೂ ಯಾರೂ ಹೇಳಿರಲಿಲ್ಲ, ನಮ್ಮಕ್ಕನ ಮಗಳು ಕಮ್ಯುನಿಟಿ ಮೆಡಿಸಿನ್ ಓದ್ತಾ ಇದಾಳೆ, ಅವಳು ಅವರ ಸಂಶೋಧನೆ ಪೇಪರ್‌ಗಳನ್ನ ಪ್ರಿಂಟ್ ಹಾಕಿಸ್ಕೊಂಡು ಬಂದು ಪಕ್ಕದಲ್ಲಿ ಕೂತು ಅರ್ಥ ಹೇಳಿದ್ಮೇಲೆ ಗೊತ್ತಾಗಿದ್ದು.

1978ರ ನವೆಂಬರ್, ಚಳಿಗಾಲ ಶುರು. ಗುಲ್ಮಾರ್ಗ್ ಕಡೆ ಹಳ್ಳಿಗಳಲ್ಲಿ ಜನಕ್ಕೆ ಕಾಮಾಲೆ ಬರೋಕೆ ಶುರುವಾಯ್ತು, ಒಬ್ಬರಲ್ಲ ಇಬ್ಬರಲ್ಲ, ಏಪ್ರಿಲ್‌ವರೆಗೂ ಎಳೀತು. ಖುರೂ ಆಗ ಶ್ರೀನಗರದಲ್ಲಿ ಹೊಟ್ಟೆ ಮತ್ತೆ ಲಿವರ್ ನೋಡೋ ಡಾಕ್ಟರ್. ಅವರೇ ಆಮೇಲೆ ಬರೆದಿರೋ ಲೆಕ್ಕದ ಪ್ರಕಾರ ಸುಮಾರು 200 ಹಳ್ಳಿ, 6 ಲಕ್ಷ ಜನಸಂಖ್ಯೆ, ಸುಮಾರು 52,000 ಜನಕ್ಕೆ ಕಾಮಾಲೆ, 1,700ರಷ್ಟು ಸಾವು. ಆಸ್ಪತ್ರೆಗೆ ಪ್ರಜ್ಞೆ ತಪ್ಪಿ ಬರ್ತಾ ಇದ್ದವರಲ್ಲಿ ಬಸುರಿಯರು ಬಹಳ. ಬೇರೆ ಯಾರಾದ್ರೂ ಆಗಿದ್ರೆ ಗ್ಲೂಕೋಸ್ ಹಾಕಿ, ಬದುಕಿದವರನ್ನ ಮನೆಗೆ ಕಳಿಸಿ, ಮೇಲಿನವರಿಗೆ ಒಂದು ರಿಪೋರ್ಟ್ ಹಾಕಿ ಸುಮ್ಮನಾಗ್ತಾ ಇದ್ರು. ಈ ಮನುಷ್ಯ ಹಳ್ಳಿಗಳಿಗೇ ಹೋದ್ರು, ಮನೆ ಮನೆ ಲೆಕ್ಕ ತಗೊಂಡ್ರು.

ಆಗ ಪ್ರಪಂಚಕ್ಕೆ ಗೊತ್ತಿದ್ದಿದ್ದು ಎರಡೇ ವೈರಸ್. ಎ, ನೀರಿಂದ ಊಟದಿಂದ ಬರೋದು. ಬಿ, ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುಗೆ. ಇವೆರಡೂ ಅಲ್ಲದ್ದು ಇನ್ನೊಂದು ರಕ್ತದಲ್ಲಿ ಇದೆ ಅಂತ ಅಮೆರಿಕದವರು 1975ರಲ್ಲಿ ಹೇಳಿದ್ರು, ಅದೇ ಆಮೇಲೆ ಸಿ ಅಂತ ಆಗಿದ್ದು. ಹಂಗಾಗಿ ನೀರಿಂದ ಕಾಮಾಲೆ ಅಂದ್ರೆ ಎ ಅಂತ ಎಲ್ಲಾರೂ ಕಣ್ಣು ಮುಚ್ಕೊಂಡು ಬರೀತಿದ್ರು. ಖುರೂ ಅವರಿಗೆ ಅದು ಒಪ್ಪಿಗೆ ಆಗಲಿಲ್ಲ. ಯಾಕಂದ್ರೆ ಎ ನಮ್ಮಂಥ ದೇಶದಲ್ಲಿ ಚಿಕ್ಕ ಮಕ್ಕಳಾಗಿದ್ದಾಗಲೇ ಬಂದು ಹೋಗಿಬಿಟ್ಟಿರುತ್ತೆ, ಎಷ್ಟೋ ಸಲ ಗೊತ್ತೇ ಆಗಲ್ಲ, ಆಮೇಲೆ ಜೀವನ ಪೂರ್ತಿ ಮತ್ತೆ ಬರಲ್ಲ. ಇಲ್ಲಿ ನೋಡಿದ್ರೆ ಮಲಗಿರೋರು ಹದಿಹರೆಯದವರು, ದುಡಿಯೋ ವಯಸ್ಸಿನ ಗಂಡಸ್ರು, ಮದುವೆಯಾದ ಹೆಣ್ಮಕ್ಕಳು. ರಕ್ತ ಪರೀಕ್ಷೆ ಮಾಡಿಸಿದ್ರೆ ಹೊಸದಾಗಿ ಎ ಬಂದ ಗುರುತಿಲ್ಲ, ಬಿ ನೂ ಇಲ್ಲ. ರಕ್ತದಿಂದ ಬರೋ ಆ ಮೂರನೇದು ಇರಬಹುದಾ ಅಂದ್ರೆ ಅದು ವರ್ಷಗಟ್ಟಲೆ ಲಿವರ್‌ನಲ್ಲಿ ಕೂತ್ಕೊಳ್ಳೋ ಜಾತಿ, ಇಲ್ಲಿ ವಾಸಿಯಾದವರು ಪೂರ್ತಿ ವಾಸಿ ಆಗ್ತಾ ಇದಾರೆ, ಮೇಲಾಗಿ ಒಂದೇ ನೀರು ಕುಡಿದ ಹಳ್ಳಿಗಳಲ್ಲೇ ಹರಡಿದೆ. ಅಂದ್ಮೇಲೆ ಇದು ನಾಲ್ಕನೇದೇ ಇರಬೇಕು ಅಂತ 1980ರಲ್ಲಿ ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ್ರು. ವೈರಸ್ ಕಣ್ಣಿಗೆ ಕಂಡಿಲ್ಲ, ಹೆಸರಿಲ್ಲ, ಅದಕ್ಕೊಂದು ಟೆಸ್ಟ್ ಇಲ್ಲ. ಬರೀ ಯಾರಿಗೆ ಬಂತು ಯಾರಿಗೆ ಬರಲಿಲ್ಲ ಅನ್ನೋದ್ರಿಂದ ಹಿಡಿದಿದ್ದು.

ನಂಗೆ ತುಂಬಾ ಹಿಡಿಸಿದ್ದು ಮುಂದಿನ ವರ್ಷ 1981ರಲ್ಲಿ ಬಂದ ಅವರ ಎರಡನೇ ಪೇಪರ್, ಬಸುರಿಯರ ಬಗ್ಗೆ. ಅದರಲ್ಲಿರೋ ನಂಬರ್ ಇಷ್ಟೇ ನೋಡಿ. ಸರ್ವೆ ಮಾಡಿದ ಹಳ್ಳಿಗಳಲ್ಲಿ ಬಸುರಿಯರು 208, ಅವರಲ್ಲಿ 36 ಜನಕ್ಕೆ ಕಾಮಾಲೆ, ನೂರಕ್ಕೆ 17ರ ಮೇಲೆ. ಅದೇ ಹೆರೋ ವಯಸ್ಸಿನ, ಆದ್ರೆ ಬಸುರಿ ಅಲ್ಲದ ಹೆಣ್ಮಕ್ಕಳು 3,350, ಅವರಲ್ಲಿ 71, ನೂರಕ್ಕೆ ಎರಡು. ಗಂಡಸ್ರು 3,822, ಅವರಲ್ಲಿ 107, ನೂರಕ್ಕೆ ಮೂರೂ ಇಲ್ಲ. ಬಸುರಿಯರಲ್ಲೂ ಮೊದಲ ಮೂರು ತಿಂಗಳಲ್ಲಿ ಇದ್ದವರಿಗೆ ನೂರಕ್ಕೆ 9ರ ಹತ್ರ, ಆಮೇಲಿನ ತಿಂಗಳುಗಳಲ್ಲಿ 19ರ ಹತ್ರ. ಇನ್ನು ಲಿವರ್ ಪೂರ್ತಿ ಕೈಕೊಟ್ಟಿದ್ದು ಯಾರಿಗೆ ಅಂತ ನೋಡಿದ್ರೆ 36 ಬಸುರಿಯರಲ್ಲಿ 8 ಜನಕ್ಕೆ, 107 ಗಂಡಸ್ರಲ್ಲಿ 3 ಜನಕ್ಕೆ, ಬಸುರಿ ಅಲ್ಲದ 71 ಹೆಣ್ಮಕ್ಕಳಲ್ಲಿ ಒಬ್ಬರಿಗೂ ಇಲ್ಲ.

ಓದೋರಿಗೆ ಅಲ್ಲಿ 36, 8 ಕಣ್ಣಿಗೆ ಹೊಡಿಯುತ್ತೆ. ಫೀಲ್ಡ್‌ನಲ್ಲಿ ಕೆಲಸ ಮಾಡಿದ ನಂಗೆ ಹೊಡೆದಿದ್ದು ಆ 208. ಯಾಕಂದ್ರೆ 36 ಜನ ಹೆಂಗಿದ್ರೂ ಸಿಗ್ತಾರೆ, ಕಣ್ಣು ಹಳದಿ ಆಗಿರುತ್ತೆ, ಅವರೇ ಆಸ್ಪತ್ರೆಗೆ ಬರ್ತಾರೆ. 208 ಸಿಗಬೇಕು ಅಂದ್ರೆ ಏನೂ ಆಗದೆ ಮನೇಲಿ ಕೆಲಸ ಮಾಡ್ಕೊಂಡು ಇರೋ ಬಸುರಿಯನ್ನೂ ಬರ್ಕೋಬೇಕು, ಅದೂ ಕಾಶ್ಮೀರದ ಚಳಿಗಾಲದಲ್ಲಿ, ಹಿಮ ಬಿದ್ದಿರೋ ಹಳ್ಳಿಯಲ್ಲಿ, ಬಾಗಿಲು ತಟ್ಟಿ, ಎಷ್ಟು ತಿಂಗಳು ಅಂತ ಕೇಳಿ. ಮೊದಲ ತಿಂಗಳುಗಳಲ್ಲಿ ಇರೋ ಬಸುರಿ ಅತ್ತೆಗೇ ಹೇಳಿರಲ್ಲ, ಸರ್ವೆಯವರಿಗೆ ಹೇಳ್ತಾಳಾ ಅಂತ ನಮ್ಮಂಥವರಿಗೆ ಗೊತ್ತು. ಆ 208 ಇಲ್ದೆ ಹೋಗಿದ್ರೆ "ಬಸುರಿಯರು ಜಾಸ್ತಿ ಬರ್ತಾ ಇದಾರೆ ಅನ್ಸುತ್ತೆ" ಅನ್ನೋ ಮಾತಷ್ಟೇ ಉಳೀತಿತ್ತು.

ಮಾತಾಗೇ ಉಳಿದಿದ್ದಕ್ಕೆ ಹತ್ತಿರದ್ದೇ ಉದಾಹರಣೆ ಇದೆ. 1955ರ ಕೊನೆಗೆ ದೆಹಲಿಯಲ್ಲಿ ಇದೇ ಥರ ಆಗಿತ್ತು, ಯಮುನಾ ನದಿಯಿಂದ ನೀರು ಎತ್ತೋ ವಜೀರಾಬಾದ್ ಕಡೆ ಚರಂಡಿ ನೀರು ಹಿಂದಕ್ಕೆ ಬಂದು ಸೇರ್ಕೊಂಡ್ತು, 29,000ಕ್ಕೂ ಹೆಚ್ಚು ಜನಕ್ಕೆ ಕಾಮಾಲೆ. ಬಸುರಿಯರಿಗೆ ಜಾಸ್ತಿ ಕಷ್ಟ ಆಗಿದ್ದನ್ನ ಅಲ್ಲಿನ ಡಾಕ್ಟರ್‌ಗಳೂ ನೋಡಿ ಬರೆದಿದ್ರು. ಆದ್ರೂ ಅದು ಇಪ್ಪತ್ತು ವರ್ಷದ ಮೇಲೆ ಎ ಲೆಕ್ಕದಲ್ಲೇ ಇತ್ತು. ಯಾರೋ ಪುಣ್ಯಾತ್ಮರು ಆ ರಕ್ತದ ಸ್ಯಾಂಪಲ್‌ಗಳನ್ನ ಬಿಸಾಕದೆ ಇಟ್ಟಿದ್ರಿಂದ, ಪುಣೆಯ ವೈರಾಲಜಿ ಸಂಸ್ಥೆಯ ಖುರ್ಷೆದ್ ಪಾವ್ರಿ ಮತ್ತೆ ಜೊತೆಯವರು ಅಮೆರಿಕದ ರಾಬರ್ಟ್ ಪರ್ಸೆಲ್ ಅವರ ಲ್ಯಾಬ್ ಜೊತೆ ಸೇರಿ ಮತ್ತೆ ಟೆಸ್ಟ್ ಮಾಡಿದಾಗ, 1980ರಲ್ಲೇ, ಅದೂ ಎ ಅಲ್ಲ ಅಂತ ಆಯ್ತು. ಒಂದೇ ವರ್ಷ, ಎರಡು ಕಡೆಯಿಂದ ಒಂದೇ ಉತ್ತರ.

ಮುಂದಿನ ಕಥೆ ಎಲ್ಲಾ ಕಡೆ ಬರೆದಿರ್ತಾರೆ. ರಷ್ಯಾದ ಬಲಯಾನ್ ಅನ್ನೋರು ಅಫ್ಘಾನಿಸ್ತಾನದಲ್ಲಿದ್ದ ಸೈನಿಕರ ಮಲದಿಂದ ಸೋಸಿ ತೆಗೆದಿದ್ದನ್ನ ತಾವೇ ಕುಡಿದು, ಕಾಮಾಲೆ ಬರಿಸ್ಕೊಂಡು, ತಮ್ಮದೇ ಮಲದಲ್ಲಿ ವೈರಸ್ಸನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರು, 1983ರಲ್ಲಿ ಪ್ರಕಟ ಆಯ್ತು. 1990ರಲ್ಲಿ ಅಮೆರಿಕದವರು ಅದರ ಜೀನ್ ಬಿಡಿಸಿದ್ರು, ಇ ಅಂತ ಹೆಸರು ಗಟ್ಟಿ ಆಯ್ತು. ಮಲ ಕುಡಿದ ಕಥೆ ಓದೋಕೆ ಮಜಾ ಇರುತ್ತೆ ಅಂತ ಎಲ್ಲರೂ ಅದನ್ನೇ ಹೇಳ್ತಾರೆ, ಹಳ್ಳಿಯಲ್ಲಿ ಬಾಗಿಲು ತಟ್ಟಿದ್ದು ಯಾರೂ ಹೇಳಲ್ಲ, ಇರ್ಲಿ.

ಖುರೂ ಅಷ್ಟಕ್ಕೇ ಬಿಡಲಿಲ್ಲ. ಟೆಸ್ಟ್ ಬಂದ್ಮೇಲೆ, ಎಪಿಡೆಮಿಕ್ ಆಗಿ 14 ವರ್ಷದ ನಂತರ, ಆಗ ಕಾಮಾಲೆ ಆಗಿದ್ದವರನ್ನೇ ಹುಡುಕಿ ಮತ್ತೆ ರಕ್ತ ತಗೊಂಡು ನೋಡಿದ್ರು, ಸುಮಾರು ಅರ್ಧ ಜನರಲ್ಲಿ ಇ ವಿರುದ್ಧದ ಆಂಟಿಬಾಡಿ ಇನ್ನೂ ಇತ್ತು, ಅದು 1993ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1995ರಲ್ಲಿ ಮತ್ತೆ ಲ್ಯಾನ್ಸೆಟ್, ಕೊನೆ ತಿಂಗಳುಗಳಲ್ಲಿ ಇ ಬಂದ ತಾಯಂದಿರು ಹೆತ್ತ ಕೂಸುಗಳನ್ನ ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿರೋವಾಗಲೇ ಮಗುಗೆ ಹೋಗುತ್ತೆ ಅಂತ ತೋರಿಸಿದ್ರು. ನಾವು ತಾಯಿ ಸತ್ತರೆ ತಾಯಿ ಸಾವು ಅಂತ ರಿಜಿಸ್ಟರ್‌ನಲ್ಲಿ ಬರೀತೀವಿ, ಕೂಸು ಹುಟ್ಟಿ ಒಂದೆರಡು ದಿನಕ್ಕೆ ಹೋದ್ರೆ ತೂಕ ಕಮ್ಮಿ ಅಂತಲೋ ಉಸಿರು ಕಟ್ಟಿತ್ತು ಅಂತಲೋ ಬರೀತೀವಿ, ಅದರ ಲಿವರ್ ನೋಡ್ದವರು ಯಾರು.

ಇನ್ನೊಂದು ವಿಷಯ, ಇವರ ಕೆಲಸ ಬರೀ ಇ ಅಲ್ಲ. ಜಂತುಹುಳ ಪಿತ್ತದ ನಾಳಕ್ಕೆ ಹತ್ತಿ ಕೂತು ಬರೋ ಕಾಯಿಲೆ ಬಗ್ಗೆ 500 ರೋಗಿಗಳ ಅನುಭವ 1990ರಲ್ಲಿ ಬರೆದ್ರು. ಲಿವರ್‌ನಲ್ಲಿ ಆಗೋ ಹೈಡಾಟಿಡ್ ಗಡ್ಡೆ ಇದೆಯಲ್ಲ, ನಾಯಿ ಕುರಿ ಜೊತೆ ಇರೋ ಊರುಗಳಲ್ಲಿ ಬರೋದು, ಅದಕ್ಕೆ ಹೊಟ್ಟೆ ಕೊಯ್ಯದೆ ಸೂಜಿ ಹಾಕಿ ಔಷಧಿ ಬಿಟ್ಟು ನೀರು ತೆಗೆದ್ರೂ ಸಾಕು ಅಂತ 1997ರಲ್ಲಿ ತೋರಿಸಿದ್ರು, ಆಪರೇಶನ್ ಮಾಡಿಸ್ಕೊಂಡವರು ಸರಾಸರಿ 12 ದಿನದ ಮೇಲೆ ಆಸ್ಪತ್ರೆಯಲ್ಲಿ, ಸೂಜಿಯವರು ನಾಲ್ಕೇ ದಿನ. ಅದೇ ವರ್ಷ ಅಲ್ಸರ್ ಆಗಿ ರಕ್ತ ಹೋಗ್ತಾ ಇರೋವ್ರಿಗೆ ಬಾಯಲ್ಲಿ ನುಂಗೋ ಒಮೆಪ್ರಜೋಲ್ ಮಾತ್ರೆ ಕೊಟ್ಟು ನೋಡಿದ್ರು, ಕೊಡದೇ ಇದ್ದವರಲ್ಲಿ 110ಕ್ಕೆ 40 ಜನಕ್ಕೆ ಮತ್ತೆ ರಕ್ತ ಹೋಯ್ತು, ಕೊಟ್ಟವರಲ್ಲಿ 110ಕ್ಕೆ 12 ಜನಕ್ಕೆ. ಇವೆರಡೂ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದಿದ್ದು. ಎಲ್ಲಾ ನೋಡಿ, ಬಡವರ ಹೊಟ್ಟೆ ಕಾಯಿಲೆಗಳೇ, ಜಂತು, ನೀರು, ನಾಯಿ, ಅಲ್ಸರ್. ಶ್ರೀನಗರದ ಸೌರಾದಲ್ಲಿರೋ ಶೇರ್-ಇ-ಕಾಶ್ಮೀರ್ ವೈದ್ಯಕೀಯ ಸಂಸ್ಥೆಯಲ್ಲಿ ಇದ್ಕೊಂಡೇ ಇವೆಲ್ಲಾ ಮಾಡಿದ್ದು, ಉಗ್ರರ ಗಲಾಟೆಯ ಆ ತೊಂಬತ್ತರ ದಶಕ ಅಲ್ಲಿ ಹೆಂಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಮ್ಮ ಕಡೆ ಬರೋಣ. ಬೇಸಿಗೆ ಕೊನೆಗೆ ಅಥವಾ ಮಳೆ ಶುರುವಿನಲ್ಲಿ ಯಾವುದಾದ್ರೂ ಪಟ್ಟಣದ ಒಂದೆರಡು ವಾರ್ಡಿನಲ್ಲಿ ಜಾಂಡೀಸ್ ಬಂದ್ರೆ ಏನಾಗುತ್ತೆ? ಮೊದಲು ಬ್ಲೀಚಿಂಗ್ ಪೌಡರ್ ಚರಂಡಿ ಪಕ್ಕ ಗೆರೆ ಎಳೀತಾರೆ, ರಂಗೋಲಿ ಹಾಕಿದಂಗೆ, ಅದರಿಂದ ಕುಡಿಯೋ ನೀರಿಗೆ ಏನೂ ಆಗಲ್ಲ ಆದ್ರೆ ಫೋಟೋಕ್ಕೆ ಚೆನ್ನಾಗಿ ಬರುತ್ತೆ. ಆಮೇಲೆ ಓವರ್‌ಹೆಡ್ ಟ್ಯಾಂಕ್ ತೊಳೀತಾರೆ, ನಲ್ಲಿ ನೀರು ಬಾಟಲಿಗೆ ಹಿಡಿದು ಲ್ಯಾಬ್‌ಗೆ ಕಳಿಸ್ತಾರೆ, ಎರಡು ದಿನಕ್ಕೆ ನೀರು ಚೆನ್ನಾಗಿದೆ ಅಂತ ರಿಪೋರ್ಟ್ ಬರುತ್ತೆ, ಸಾಹೇಬ್ರು ಜನ ಹೊರಗಡೆ ಪಾನಿಪುರಿ ತಿಂದಿರ್ತಾರೆ ಅಂತ ಹೇಳಿಕೆ ಕೊಡ್ತಾರೆ, ಫೈಲ್ ಕ್ಲೋಸ್. ನಾನಿದ್ದ ಒಂದು ತಾಲ್ಲೂಕಲ್ಲಿ ಹಿಂಗೇ ಆಯ್ತು, ಹೆಸರು ಬೇಡ, ಎಲ್ಲಾ ತಾಲ್ಲೂಕೂ ಅದೇ.

ನೀರಿನ ರಿಪೋರ್ಟ್ ಚೆನ್ನಾಗಿ ಬರೋದ್ರಲ್ಲಿ ಆಶ್ಚರ್ಯ ಏನಿಲ್ಲ. ಇ ವೈರಸ್ ಹೊಟ್ಟೆಗೆ ಹೋಗಿ ಕಾಮಾಲೆ ಕಾಣೋಕೆ ಎರಡರಿಂದ ಹತ್ತು ವಾರ ಬೇಕು, ಸಾಮಾನ್ಯವಾಗಿ ಐದಾರು ವಾರ. ಇವತ್ತು ಕಣ್ಣು ಹಳದಿ ಆಗಿರೋರು ಕುಡಿದಿದ್ದು ತಿಂಗಳ ಹಿಂದಿನ ನೀರು, ನೀವು ಬಾಟಲಿಗೆ ಹಿಡೀತಾ ಇರೋದು ಇವತ್ತಿನ ನೀರು. ಮೇಲಾಗಿ ನೀರು ಕೆಟ್ಟಿದ್ರೆ ಕಪ್ಪಾಗೋ ನಮ್ಮ ಎಚ್‌ಟೂಎಸ್ ಪರೀಕ್ಷೆ ಬಾಟಲಿ ಕಪ್ಪಾಗೋದು ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ. ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದ್ರೂ ಉಳಿದಿರಬೇಕು ಅಂತ ಸ್ಟ್ಯಾಂಡರ್ಡ್ ಇದೆ, ಅದನ್ನ ಟ್ಯಾಂಕ್ ಹತ್ರ ನೋಡಿ ಬರ್ಕೊಂಡ್ರೆ ಆಗಲ್ಲ, ಲೈನಿನ ಕೊನೆ ಮನೆ ನಲ್ಲಿಯಲ್ಲಿ ನೋಡಬೇಕು. ನಮ್ಮೂರುಗಳಲ್ಲಿ ನೀರು ಬಿಡೋದು ಮೂರು ದಿನಕ್ಕೋ ವಾರಕ್ಕೋ ಒಂದ್ಸಲ, ನೀರಗಂಟಿ ವಾಲ್ವ್ ತಿರುಗಿಸಿದ್ಮೇಲೆ ಪೈಪು ಖಾಲಿ, ಖಾಲಿ ಪೈಪಿನಲ್ಲಿ ಒತ್ತಡ ಇರಲ್ಲ, ಪಕ್ಕದಲ್ಲೇ ಯುಜಿಡಿ ಅಂದ್ರೆ ಒಳಚರಂಡಿ ಲೈನು, ಜಾಯಿಂಟ್ ಎಲ್ಲಿ ಸೋರುತ್ತೋ ಅಲ್ಲಿಂದ ಒಳಗೆ ಎಳ್ಕೊಳ್ಳುತ್ತೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಬಿಂದಿಗೆಗೆ ಬರೋದು ಅದೇ. ಕೆಲವರು ಮನೇಲಿ ಮೋಟ್ರು ಹಾಕಿ ಎಳೀತಾರೆ, ಇನ್ನೂ ಒಳ್ಳೇದಾಯ್ತು.

1991ರಲ್ಲಿ ಕಾನ್ಪುರದಲ್ಲಿ ಹಿಂಗೆ ಇ ಹರಡಿ ಸುಮಾರು 79,000 ಜನಕ್ಕೆ ಬಂತು ಅಂತ ಲೆಕ್ಕ ಇದೆ. ನಮ್ಮ ಕಡೆ ಅಂಥ ಲೆಕ್ಕನೇ ಸಿಗಲ್ಲ, ಯಾಕಂದ್ರೆ ಅರ್ಧ ಜನ ಆಸ್ಪತ್ರೆಗೆ ಬರೋದೇ ಇಲ್ಲ. ಕಾಮಾಲೆ ಅಂದ ಕೂಡಲೇ ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕೊಡೋ ಊರಿಗೆ ಬಸ್ ಹತ್ತುತಾರೆ, ಹಳೇ ಕಾಲದವರು ಕೈಗೆ ಬರೆ ಹಾಕಿಸ್ತಾರೆ, ಎಣ್ಣೆ ಉಪ್ಪು ಬಿಟ್ಟು ಪಥ್ಯ. ಆ ರಸಕ್ಕೆ ಹಾಕೋ ನೆಲನೆಲ್ಲಿ ಸೊಪ್ಪಿನ ಬಗ್ಗೆ ನಾನು ಹಗುರವಾಗಿ ಮಾತಾಡ್ತಾ ಇಲ್ಲ, ಬ್ಲೂಂಬರ್ಗ್ ಅವರೇ ಅದರ ಮೇಲೆ ಆಸೆ ಇಟ್ಟಿದ್ರು, 1988ರಲ್ಲಿ ಮದ್ರಾಸಿನವರು ಬಿ ವೈರಸ್ ಇರೋವ್ರಿಗೆ ಕೊಟ್ಟು 37ರಲ್ಲಿ 22 ಜನಕ್ಕೆ ವೈರಸ್ ಗುರುತು ಹೋಯ್ತು ಅಂತ ಲ್ಯಾನ್ಸೆಟ್‌ನಲ್ಲಿ ಬರೆದ್ರು, ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅಷ್ಟು ಫಲ ಸಿಗಲಿಲ್ಲ. ಇ ವಿಷಯಕ್ಕೆ ಬಂದ್ರೆ, ನೂರರಲ್ಲಿ ತೊಂಬತ್ತೆಂಟು ಜನಕ್ಕೆ ಏನೂ ಕೊಡದೇ ಇದ್ರೂ ಕೆಲವು ವಾರಕ್ಕೆ ತಾನಾಗೇ ಹೋಗುತ್ತೆ, ಹಂಗಾಗಿ ಯಾರು ಏನು ಕೊಟ್ರೂ ಅವರಿಗೇ ಕೀರ್ತಿ. ಗಂಡನಿಗೆ ವಾಸಿ ಆಯ್ತಲ್ಲ ಅಂತ ಏಳು ತಿಂಗಳ ಬಸುರಿ ಹೆಂಡತಿಗೂ ಅದೇ ರಸ ಕೊಟ್ಟು ಮನೇಲಿ ಮಲಗಿಸ್ತಾರಲ್ಲ, ಅಲ್ಲಿ ಇರೋದು ಅಪಾಯ. ಅವಳ ಲೆಕ್ಕ ಬೇರೆ, ಆ 36ರಲ್ಲಿ 8. ಅವಳಿಗೆ ಯಾಕೆ ಹಂಗಾಗುತ್ತೆ ಅಂತ ಪೂರ್ತಿ ಇವತ್ತಿಗೂ ವಿಜ್ಞಾನಕ್ಕೆ ತಿಳಿದಿಲ್ಲ, ಬಸುರಿಯ ಮೈಯಲ್ಲಿ ಹಾರ್ಮೋನು, ರೋಗನಿರೋಧಕ ಶಕ್ತಿ ಬದಲಾಗೋದ್ರಿಂದ ಇರಬಹುದು ಅಂತಾರೆ. ಬೇರೆಯವರಿಗೆ ಅಪರೂಪಕ್ಕೆ ಕೊಡೋ, ವೈರಸ್ ತಡೆಯೋ ರಿಬಾವಿರಿನ್ ಮಾತ್ರೆ ಬಸುರಿಗೆ ಕೊಡೋ ಹಂಗೂ ಇಲ್ಲ, ಮಗುಗೆ ಆಗಲ್ಲ. ಅವಳಿಗೆ ಉಳಿದಿರೋದು ಬೇಗ ಗುರುತಿಸಿ, ರಕ್ತ ಹೆಪ್ಪುಗಟ್ಟುತ್ತಾ ಇಲ್ವಾ ನೋಡ್ತಾ, ಐಸಿಯು ಇರೋ ಕಡೆ ಇಟ್ಕೊಳ್ಳೋದು ಒಂದೇ.

ಹಂಗಾಗಿ ನಾನು ಹೇಳೋದು ಇಷ್ಟೇ. ಜಾಂಡೀಸ್ ಬಂದ ವಾರ್ಡಿನಲ್ಲಿ ಮೊದಲ ದಿನಾನೇ ಬಸುರಿಯರ ಲಿಸ್ಟ್ ಆಗಬೇಕು, ರೋಗ ಬಂದವರದ್ದಲ್ಲ, ಎಲ್ಲಾ ಬಸುರಿಯರದ್ದು. ಇದಕ್ಕೆ ಹೊಸ ಸ್ಕೀಮ್ ಬೇಡ, ಒಂದು ಪೈಸೆ ಬೇಡ. ಖುರೂ ಅವರಿಗೆ ಹಿಮದಲ್ಲಿ ಮನೆ ಮನೆ ಹೋಗದೆ ಸಿಗದೇ ಇದ್ದ ಆ 208 ನಮ್ಮ ಆಶಾ ಕಾರ್ಯಕರ್ತೆಯ ಡೈರಿಯಲ್ಲಿ ಆಗಲೇ ಇದೆ, ತಾಯಿ ಕಾರ್ಡ್ ಮಾಡಿಸಿರ್ತಾರೆ, ಯಾರಿಗೆ ಎಷ್ಟು ತಿಂಗಳು ಅಂತ ಅವಳಿಗೆ ಬಾಯಲ್ಲೇ ಬರುತ್ತೆ. ಬ್ಲೀಚಿಂಗ್ ಗೆರೆ ಎಳಿಯೋ ದಿನಾನೇ ಅವಳನ್ನ ಕರೆದು, ಈ ವಾರ್ಡಿನ ಬಸುರಿಯರ ಮನೆಗೆ ದಿನ ಬಿಟ್ಟು ದಿನ ಹೋಗು, ವಾಂತಿ ಊಟ ಸೇರದೇ ಇರೋದು ಮೂತ್ರ ಹಳದಿ ಅಂದ್ರೆ ಬಸುರಿ ಸಂಕಟ ಅಂತ ಬಿಡಬೇಡ, ನೇರ ಜಿಲ್ಲಾಸ್ಪತ್ರೆಗೆ ಕಳಿಸು ಅಂತ ಹೇಳಿದ್ರೆ ಸಾಕು. ಆ ಮನೆಗಳಿಗೆ ಕುದಿಸಿದ ನೀರೇ ಅಂತ ಕಟ್ಟುನಿಟ್ಟು, ಗ್ಯಾಸ್‌ಗೆ ದುಡ್ಡಿಲ್ಲ ಅಂದ್ರೆ ಪುರಸಭೆಯವರು ಎರಡು ತಿಂಗಳು ಕ್ಯಾನ್ ನೀರು ಕೊಡ್ಲಿ, ಒಂದು ವಾರ್ಡಿನಲ್ಲಿ ಬಸುರಿಯರು ಎಷ್ಟು ಜನ ಇರ್ತಾರೆ, ಸಾವಿರ ಇರ್ತಾರಾ? ಎರಡು ತಿಂಗಳು ಯಾಕೆ ಅಂದ್ರೆ ಮೇಲೆ ಹೇಳಿದ ವಾರಗಳ ಲೆಕ್ಕ.

ಇ ಗೆ ಲಸಿಕೆ ಇದೆಯಾ ಅಂತ ಕೇಳ್ತಾರೆ. ಚೀನಾದವರು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಟ್ರಯಲ್ ಮಾಡಿ 2011ರಲ್ಲೇ ಲೈಸೆನ್ಸ್ ಕೊಟ್ಟಿದಾರೆ, 2022ರಲ್ಲಿ ದಕ್ಷಿಣ ಸೂಡಾನ್‌ನ ಬೆಂಟಿಯು ನಿರಾಶ್ರಿತರ ಕ್ಯಾಂಪಿನಲ್ಲಿ ಇ ಹರಡಿದಾಗ ಬಸುರಿಯರಿಗೂ ಹಾಕಿದ್ರು. ನಮ್ಮ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಬಿ ಇದೆ, ಹುಟ್ಟಿದ 24 ಗಂಟೆ ಒಳಗೇ ಹಾಕ್ತೀವಿ, ಇ ಇಲ್ಲ. 2018ರ ಜುಲೈ 28ಕ್ಕೆ ಶುರು ಮಾಡಿದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಗೆ ಪುಕ್ಕಟೆ ಟೆಸ್ಟು ಮಾತ್ರೆ ಸಿಗ್ತಾ ಇದೆ, ಬಹಳ ಒಳ್ಳೇ ಕೆಲಸ, ಅದೇ ಹಣದಲ್ಲಿ ಜಿಲ್ಲಾ ಲ್ಯಾಬ್‌ಗಳಲ್ಲಿ ಇ ಟೆಸ್ಟ್ ಕಿಟ್ ಯಾವಾಗಲೂ ಸ್ಟಾಕ್ ಇರೋ ಹಂಗೆ ನೋಡ್ಕೊಂಡ್ರೆ ಎ ನಾ ಇ ನಾ ಅಂತ ಮೂರನೇ ದಿನಕ್ಕೆ ಗೊತ್ತಾಗುತ್ತೆ. ಎ ಆದ್ರೆ ಮಕ್ಕಳ ಕಡೆ ಗಮನ, ಇ ಆದ್ರೆ ಬಸುರಿಯರ ಕಡೆ. ಈಗ ಎರಡಕ್ಕೂ ಒಂದೇ ಕರಪತ್ರ ಹಂಚ್ತೀವಿ.

ಕೊನೆಗೆ ನಿಮ್ಮ ವರದಿಗಾರರಿಗೆ ಒಂದು ಮಾತು. ಜಾಂಡೀಸ್ ಸುದ್ದಿ ಹಾಕೋವಾಗ "40 ಮಂದಿ ಅಸ್ವಸ್ಥ, ಗ್ರಾಮಸ್ಥರ ಆಕ್ರೋಶ" ಅಂತ ಹೆಡ್ಡಿಂಗ್ ಕೊಡ್ತೀರಿ, ಕೊಡಿ, ಬೇಡ ಅನ್ನಲ್ಲ. ಅದರ ಜೊತೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಮೂರು ಪ್ರಶ್ನೆ ಕೇಳೋಕೆ ಹೇಳಿ. ಈ ವಾರ್ಡಿನಲ್ಲಿ ಒಟ್ಟು ಬಸುರಿಯರು ಎಷ್ಟು, ಅವರಲ್ಲಿ ಎಷ್ಟು ಜನಕ್ಕೆ ಬಂದಿದೆ, ಎ ನಾ ಇ ನಾ ಟೆಸ್ಟ್ ಆಯ್ತಾ. ಮೊದಲನೇ ಪ್ರಶ್ನೆಗೆ ಅವರು ಫೈಲ್ ಹುಡುಕೋಕೆ ಶುರು ಮಾಡಿದ್ರೆ ಪಕ್ಕದಲ್ಲಿ ನಿಂತಿರೋ ಆಶಾನ ಕೇಳಿ, ಅವಳು ಹೇಳ್ತಾಳೆ.

ಇಂತಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ
ತುಮಕೂರು ಜಿಲ್ಲೆ